ಅತ್ತೆಯ ಲೆಕ್ಕದ ಪುಸ್ತಕಕ್ಕೆ ತಾಳೆಯಾಗುವವರೆಗೆ

ಹನುಮಂತನಗರದ ನಮ್ಮ ಮನೆಯಲ್ಲೇ ಪುಡಿಗಳನ್ನು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಸಾರಿನ ಪುಡಿ, ಹುಳಿಪುಡಿ, ನಾಲ್ಕು ಬಗೆಯ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಹುರಿಯುವುದು, ಹದ ನೋಡುವುದು ಅತ್ತೆ. ವೆಬ್‌ಸೈಟು, ಪಾರ್ಸೆಲ್ಲು, ಫೋನು ನನ್ನ ಪಾಲು. ಬಂದ ಪ್ರತಿಯೊಂದು ಆರ್ಡರನ್ನೂ ಅತ್ತೆ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾರೆ. ತಾರೀಖು, ಹೆಸರು, ಏನೇನು, ಎಷ್ಟು ರೂಪಾಯಿ, ಪಿನ್‌ಕೋಡ್. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಹೋದ ಸಲ ಆಷಾಢದಲ್ಲಿ ಅವರು ಒಂದು ಪ್ರಶ್ನೆ ಕೇಳಿದರು. ಯುಗಾದಿ ಹೊತ್ತಿಗೆ ಇನ್‌ಸ್ಟಾಗ್ರಾಂ ಜಾಹೀರಾತಿಗೆ ಆರು ಸಾವಿರ ರೂಪಾಯಿ ಹಾಕಿದ್ದೆವು. “ಆ ದುಡ್ಡಿಗೆ ಎಷ್ಟು ಡಬ್ಬಿ ಹೋಯ್ತು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು ಅನ್ನುವ ಸಂಖ್ಯೆ ಇತ್ತು. ಒತ್ತಿದವರಲ್ಲಿ ಎಷ್ಟು ಜನ ಕೊಂಡರು ಅನ್ನುವುದು ಗೊತ್ತಿರಲಿಲ್ಲ.

ಸೈಟಿನಲ್ಲಿ ಅಲ್ಲಿಯವರೆಗೆ ಗೂಗಲ್ ಅನಾಲಿಟಿಕ್ಸ್ ಇತ್ತು. ಸೈಟಿಗೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಏನು ನೋಡಿದರು ಅಂತ ಲೆಕ್ಕ ಇಡುವ ಟೂಲ್ ಅದು. ಅದರ ಹಳೆಯ ಆವೃತ್ತಿ 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಗೂಗಲ್ ಅನಾಲಿಟಿಕ್ಸ್ 4ಕ್ಕೆ, ಅಂದರೆ ಜಿಎ4ಗೆ ನಾನು ಹೊರಳಿಕೊಂಡೆ, ಆದರೆ ಕುಳಿತು ಕಲಿಯಲಿಲ್ಲ. ಅದರಲ್ಲಿ ಬಳಕೆದಾರರ ಮಟ್ಟದ ವಿವರ ಎಷ್ಟು ಕಾಲ ಉಳಿಯಬೇಕು ಅನ್ನುವ ಸೆಟ್ಟಿಂಗ್ ಮೊದಲಿಗೆ 2 ತಿಂಗಳಿಗೆ ಇರುತ್ತದೆ, ನಾವೇ ಹೋಗಿ 14 ತಿಂಗಳು ಮಾಡಿಕೊಳ್ಳಬೇಕು. ನಾನು ಮಾಡಿಕೊಂಡಿರಲಿಲ್ಲ. ಹಾಗಾಗಿ ಯುಗಾದಿಯ ಗಿರಾಕಿಗಳ ದಾರಿಯನ್ನು ಆಷಾಢದಲ್ಲಿ ಕುಳಿತು ಹುಡುಕಲು ಆಗಲಿಲ್ಲ. ನೀವು ಜಿಎ4 ಬಳಸುತ್ತಿದ್ದರೆ ಈಗಲೇ ಹೋಗಿ ಅದೊಂದು ಸೆಟ್ಟಿಂಗ್ ನೋಡಿ ಬನ್ನಿ.

ಆಷಾಢದಲ್ಲಿ ನಮಗೆ ಕೆಲಸ ಕಡಿಮೆ. ಶ್ರಾವಣ ಬಂತೆಂದರೆ ಹಬ್ಬದ ಮೇಲೆ ಹಬ್ಬ, ಪುರುಸೊತ್ತೇ ಇರುವುದಿಲ್ಲ. ಆ ಒಂದು ತಿಂಗಳಲ್ಲೇ ಹೊಸ ಟೂಲ್ ಹಾಕಿ ಮುಗಿಸಬೇಕು ಅಂತ ಕುಳಿತೆ. ನಮ್ಮ ಅಕ್ಕನ ಮಗ ವಾರಕ್ಕೆರಡು ಸಂಜೆ ಬಂದು ಜೊತೆಗೆ ಕೂತ.

ನಾವು ಆರಿಸಿಕೊಂಡಿದ್ದು ಮಟೋಮೊ. ಇದೂ ಸೈಟಿಗೆ ಬಂದವರ ಲೆಕ್ಕ ಇಡುವ ಟೂಲೇ, ಆದರೆ ಮುಕ್ತ ತಂತ್ರಾಂಶ. 2007ರಲ್ಲಿ ಪಿವಿಕ್ ಅನ್ನುವ ಹೆಸರಿನಲ್ಲಿ ಶುರುವಾಗಿದ್ದು, 2018ರಲ್ಲಿ ಮಟೋಮೊ ಆಯಿತು. ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವ ಯಾವುದೇ ಸರ್ವರ್‌ನಲ್ಲಿ ನಾವೇ ಹಾಕಿಕೊಳ್ಳಬಹುದು. ಗಿರಾಕಿಗಳ ಓಡಾಟದ ವಿವರ ನಮ್ಮ ಸರ್ವರ್‌ನಲ್ಲೇ ಇರುತ್ತದೆ, ಎಷ್ಟು ವರ್ಷ ಇಡಬೇಕು ಅನ್ನುವುದು ನಮ್ಮ ತೀರ್ಮಾನ. ನನಗೆ ಇದೇ ಮುಖ್ಯವಾಗಿತ್ತು. ಹೋದ ದಸರಾಕ್ಕೂ ಈ ದಸರಾಕ್ಕೂ ಹೋಲಿಸಿ ನೋಡಬೇಕಲ್ವಾ? ಹಾಗಂತ ಎಲ್ಲರಿಗೂ ಇದೇ ಸರಿ ಅಂತ ಹೇಳಲಾರೆ. ಸರ್ವರ್ ನೋಡಿಕೊಳ್ಳುವ ಕೆಲಸ ತಲೆಗೆ ಬರುತ್ತದೆ. ಅದು ಬೇಡ ಅನ್ನುವವರು ಜಿಎ4ನ್ನೇ ಸರಿಯಾಗಿ ಕಲಿತರೆ ಸಾಕು.

ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇರುವ ಒಂದು ಕಂಪನಿಯಿಂದ 1 ಜಿಬಿ ಮೆಮೊರಿಯ ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆವು. ನಮ್ಮ ಡೊಮೇನಿನ ಕೆಳಗೇ ಅದಕ್ಕೊಂದು ವಿಳಾಸ ಕೊಟ್ಟೆವು. ಫೈಲುಗಳನ್ನು ಹಾಕುವುದು, ಡೇಟಾಬೇಸ್ ಮಾಡುವುದು, ಎಚ್‌ಟಿಟಿಪಿಎಸ್ ಬೀಗ ಹಾಕುವುದು ಎಲ್ಲ ಒಂದೇ ಸಂಜೆಗೆ ಮುಗಿಯಿತು. ಮಟೋಮೊ ಒಂದು ತುಂಡು ಜಾವಾಸ್ಕ್ರಿಪ್ಟ್ ಕೋಡ್ ಕೊಡುತ್ತದೆ. ಅದನ್ನು ಸೈಟಿನ ಪ್ರತಿ ಪುಟದ ತಲೆಭಾಗದಲ್ಲಿ ಅಂಟಿಸಬೇಕು. ನಮ್ಮದು ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟನ್ನು ಅಂಗಡಿಯಾಗಿಸುವ ತಂತ್ರಾಂಶ) ಅಂಗಡಿ, ಸೈಟಿನ ರೂಪ ನಿರ್ಧರಿಸುವ ಥೀಮಿನಲ್ಲಿ ಒಂದೇ ಕಡೆ ಅಂಟಿಸಿದರೆ ಎಲ್ಲ ಪುಟಕ್ಕೂ ಹೋಗುತ್ತದೆ. ಅಂಟಿಸಿದೆವು. ಏನೂ ಕಾಣಲಿಲ್ಲ. ಸೈಟ್ ಬೇಗ ತೆರೆಯಲಿ ಅಂತ ಪುಟಗಳ ಪ್ರತಿ ಕೂಡಿಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ (ಸೇರ್ಪಡೆ ತಂತ್ರಾಂಶ) ಹಳೆಯ ಪುಟವನ್ನೇ ಜನರಿಗೆ ಕೊಡುತ್ತಿತ್ತು. ಅದನ್ನು ಖಾಲಿ ಮಾಡಿದ ಮೇಲೆ ಪರದೆಯ ಮೇಲೆ ಮೊದಲ ಭೇಟಿ ಮೂಡಿತು. ಅದು ಅತ್ತೆಯದೇ, ಅಡುಗೆಮನೆಯಿಂದ ಫೋನಿನಲ್ಲಿ ಸೈಟ್ ತೆರೆದಿದ್ದರು.

ಎರಡನೆಯ ದಿನ ಪುಟ ವೀಕ್ಷಣೆ ಇದ್ದಕ್ಕಿದ್ದ ಹಾಗೆ ಜಾಸ್ತಿ ಕಂಡಿತು. ಪ್ರತಿಯೊಬ್ಬರೂ ಪ್ರತಿ ಪುಟವನ್ನು ಸರಿಯಾಗಿ ಎರಡೆರಡು ಸಲ ನೋಡಿದ್ದರು. ಹಾಗೆ ಯಾರೂ ನೋಡುವುದಿಲ್ಲ. ಹುಡುಕಿದರೆ, ನಾನು ಥೀಮಿನಲ್ಲಿ ಕೋಡ್ ಅಂಟಿಸಿದ್ದೆ, ಅಕ್ಕನ ಮಗ ಪ್ಲಗಿನ್‌ನಲ್ಲೂ ಹಾಕಿದ್ದ. ಒಂದನ್ನು ತೆಗೆದೆವು. ಅಲ್ಲಿಂದ ಮುಂದೆ ಒಂದು ಪದ್ಧತಿ ಮಾಡಿಕೊಂಡೆವು. ಯಾರು ಏನು ಬದಲಾಯಿಸಿದರೂ ಅತ್ತೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖಿನ ಸಮೇತ ಬರೆಯಬೇಕು.

ಇನ್ನೊಂದು ಸಣ್ಣದು, ಆದರೆ ಮೊದಲೇ ನೋಡಬೇಕಾದ್ದು. ಟೈಮ್ ಝೋನ್ ಮತ್ತು ಹಣ. ನಾವು ಏನನ್ನೂ ಬದಲಾಯಿಸದೆ ಬಿಟ್ಟಿದ್ದರಿಂದ ಲೆಕ್ಕ ಡಾಲರಿನಲ್ಲಿತ್ತು, ಸಮಯ ಜಾಗತಿಕ ಸಮಯವಾದ ಯುಟಿಸಿಯಲ್ಲಿತ್ತು. ಅಂದರೆ ನಮ್ಮ ಬೆಳಗಿನ 5:30ಕ್ಕೆ ಅದರ ದಿನ ಶುರು. ನಮಗೆ ರಾತ್ರಿ ಹನ್ನೊಂದರಿಂದ ಒಂದು ಗಂಟೆವರೆಗೆ ಆರ್ಡರ್ ಜಾಸ್ತಿ. ಕೆಲಸದಿಂದ ಬಂದು, ಊಟ ಮುಗಿಸಿ, ಮಕ್ಕಳು ಮಲಗಿದ ಮೇಲೆ ಜನ ಫೋನ್ ಹಿಡಿಯುತ್ತಾರೆ. ಹನ್ನೆರಡರ ಮೇಲಿನವೆಲ್ಲ ಹಿಂದಿನ ದಿನಕ್ಕೆ ಸೇರುತ್ತಿದ್ದವು. ಬದಲಾಯಿಸಿದರೆ ಅಲ್ಲಿಂದ ಮುಂದಕ್ಕೆ ಮಾತ್ರ ಸರಿಯಾಗುತ್ತದೆ, ಹಿಂದಿನದು ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲ ದಿನವೇ ನೋಡಬೇಕು ಅನ್ನುವುದು.

ಮೊದಲ ವಾರ ಮುಗಿದ ಭಾನುವಾರ, ಅತ್ತೆ ಪುಸ್ತಕ ಹಿಡಿದು ಕೂತರು, ನಾನು ಲ್ಯಾಪ್‌ಟಾಪ್ ಹಿಡಿದು ಕೂತೆ. ಪುಸ್ತಕದಲ್ಲಿ 38 ಆರ್ಡರ್. ಮಟೋಮೊದಲ್ಲಿ 25.

ಹದಿಮೂರು ಆರ್ಡರ್ ಎಲ್ಲಿ ಹೋದವು? ಒಂದೊಂದೇ ಆರ್ಡರ್ ನಂಬರ್ ಓದಿ ಟಿಕ್ ಹಾಕಿದೆವು. ಕಾಣೆಯಾದವುಗಳಲ್ಲಿ ಹತ್ತು ಯುಪಿಐನಲ್ಲಿ ದುಡ್ಡು ಕೊಟ್ಟವು. ಆಗ ಅರ್ಥವಾಯಿತು. ನಮ್ಮ ಕೋಡ್ ಆರ್ಡರನ್ನು ಎಣಿಸುತ್ತಿದ್ದುದು ‘ಧನ್ಯವಾದ’ ಪುಟ ತೆರೆದಾಗ. ಯುಪಿಐನಲ್ಲಿ ಗಿರಾಕಿ ನಮ್ಮ ಸೈಟಿನಿಂದ ಬ್ಯಾಂಕಿನ ಆ್ಯಪ್‌ಗೆ ಹೋಗುತ್ತಾರೆ, ಪಿನ್ ಒತ್ತುತ್ತಾರೆ, ಹಸಿರು ಗುರುತು ನೋಡುತ್ತಾರೆ, ಫೋನ್ ಕೆಳಗಿಡುತ್ತಾರೆ. ದುಡ್ಡು ಬಂತು, ಆರ್ಡರ್ ಆಯಿತು. ಬ್ರೌಸರ್‌ಗೆ ವಾಪಸ್ ಬಂದು ನಮ್ಮ ಧನ್ಯವಾದ ಓದುವ ಅಗತ್ಯ ಅವರಿಗೇನಿದೆ? ಉಳಿದ ಮೂರು ಜನರ ಬ್ರೌಸರ್ ಇಂಥ ಕೋಡುಗಳನ್ನು ತಡೆಯುತ್ತಿತ್ತು ಅಂತ ಕಾಣುತ್ತದೆ.

ಪುಸ್ತಕ ಇಲ್ಲದಿದ್ದರೆ ಈ ತಪ್ಪು ನಮಗೆ ಕಾಣುತ್ತಲೇ ಇರಲಿಲ್ಲ. 25 ಅನ್ನುವುದನ್ನೇ ನಂಬಿಕೊಂಡು, ಯುಪಿಐ ಬಳಸುವವರು ನಮ್ಮಲ್ಲಿ ಕಡಿಮೆ ಅಂತ ತೀರ್ಮಾನಕ್ಕೆ ಬರುತ್ತಿದ್ದೆವು. ನಮ್ಮ ದೇಶದಲ್ಲಿ ಅಂಗಡಿ ನಡೆಸುವ ಯಾರಿಗಾದರೂ ಇದು ದೊಡ್ಡ ತೂತು. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ದಾರಿ ಇದೆ. ಆರ್ಡರ್ ಆಗಿದ್ದನ್ನು ಗಿರಾಕಿಯ ಬ್ರೌಸರ್ ಹೇಳಬೇಕಾಗಿಲ್ಲ, ನಮ್ಮ ಸರ್ವರ್ರೇ ಹೇಳಬಹುದು. ವೂಕಾಮರ್ಸ್‌ನಲ್ಲಿ ದುಡ್ಡು ಬಂದ ಕೂಡಲೇ ಆರ್ಡರ್ ‘ಪ್ರೊಸೆಸಿಂಗ್’ ಸ್ಥಿತಿಗೆ ಬರುತ್ತದೆ. ಕ್ಯಾಶ್ ಆನ್ ಡೆಲಿವರಿ ಆದರೂ ಅದೇ ಸ್ಥಿತಿಗೆ ಬರುತ್ತದೆ. ಆ ಕ್ಷಣದಲ್ಲಿ ನಮ್ಮ ಸರ್ವರ್ ಮಟೋಮೊಗೆ ಒಂದು ಸಂದೇಶ ಕಳಿಸುವ ಹಾಗೆ ಅಕ್ಕನ ಮಗ ಬರೆದ. ಆರ್ಡರ್ ನಂಬರ್, ಮೊತ್ತ, ಜೊತೆಗೆ ಆ ಗಿರಾಕಿಯ ಭೇಟಿಯ ಗುರುತು. ಆ ಗುರುತು 16 ಅಕ್ಷರದ ಒಂದು ಕೋಡ್. ಗಿರಾಕಿ ವಿಳಾಸ ತುಂಬುವ ಪುಟದಲ್ಲಿದ್ದಾಗಲೇ ಅದನ್ನು ತೆಗೆದು ಆರ್ಡರ್ ಜೊತೆ ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ಆರ್ಡರ್ ಎಣಿಕೆಗೆ ಬರುತ್ತದೆ, ಎಲ್ಲಿಂದ ಬಂತು ಅನ್ನುವುದು ಬರುವುದಿಲ್ಲ. ಧನ್ಯವಾದ ಪುಟದ ಕೋಡ್ ತೆಗೆಯುವುದನ್ನು ಮರೆತರೂ ಒಂದೇ ಆರ್ಡರ್ ನಂಬರ್ ಎರಡು ಸಲ ಬಂದರೆ ಮಟೋಮೊ ಅದನ್ನು ಒಂದೇ ಅಂತ ಹಿಡಿಯುತ್ತದೆ. ಆದರೂ ನಾವು ತೆಗೆದೆವು.

ದುಡ್ಡಿನ ವಿಷಯದಲ್ಲೇ ಇನ್ನೊಂದು ಗೊಂದಲ. ಗಿರಾಕಿಗಳು ಎಲ್ಲಿಂದ ಬಂದರು ಅನ್ನುವ ಪಟ್ಟಿಯಲ್ಲಿ ಆನ್‌ಲೈನ್‌ನಲ್ಲಿ ದುಡ್ಡು ಪಡೆದುಕೊಡುವ ನಮ್ಮ ಪೇಮೆಂಟ್ ಗೇಟ್‌ವೇ ಮೊದಲ ಸ್ಥಾನದಲ್ಲಿ ಕೂತಿತ್ತು. ಕಾರ್ಡಿನಲ್ಲಿ ಕೊಟ್ಟವರು ಗೇಟ್‌ವೇ ಪುಟಕ್ಕೆ ಹೋಗಿ ವಾಪಸ್ ಬರುತ್ತಾರೆ. ವಾಪಸ್ ಬಂದಾಗ, ಅವರನ್ನು ಕಳಿಸಿದ್ದೇ ಗೇಟ್‌ವೇ ಅನ್ನುವ ಹಾಗೆ ಲೆಕ್ಕವಾಗುತ್ತಿತ್ತು. ಸೆಟ್ಟಿಂಗ್‌ನಲ್ಲಿ ಹೊರಗಿಡಬೇಕಾದ ಸೈಟುಗಳ ಪಟ್ಟಿಗೆ ಅದನ್ನು ಸೇರಿಸಿದ ಮೇಲೆ ಸರಿಹೋಯಿತು.

ಈ ನಡುವೆ ಸರ್ವರ್ ಒಂದು ಸಲ ಕೈಕೊಟ್ಟಿತು. ಮಟೋಮೊ ಬಿಡಿ ಬಿಡಿ ಭೇಟಿಗಳನ್ನು ಕೂಡಿಸಿ ವರದಿ ಮಾಡಬೇಕು. ಏನೂ ಹೇಳದಿದ್ದರೆ ನಾವು ವರದಿ ತೆರೆದಾಗ ಆ ಕೆಲಸ ಮಾಡುತ್ತದೆ, ಸಣ್ಣ ಸರ್ವರ್ ಆಗ ಏದುಸಿರು ಬಿಡುತ್ತದೆ. ಅದರ ಬದಲು ಗಂಟೆಗೊಂದು ಸಲ ಕ್ರಾನ್ ಮೂಲಕ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸರ್ವರ್‌ನ ವ್ಯವಸ್ಥೆ) ತಾನಾಗಿ ಮಾಡಿಸಬಹುದು. ನಾನು ಕ್ರಾನ್ ಹಾಕಿದ್ದು ಸರ್ವರ್‌ನಲ್ಲಿ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನ ಹೆಸರಿನಲ್ಲಿ. ಅದು ಮಾಡಿದ ತಾತ್ಕಾಲಿಕ ಫೈಲುಗಳೆಲ್ಲ ರೂಟ್ ಹೆಸರಿಗೆ ಹೋದವು. ವೆಬ್ ಸರ್ವರ್ ಅವನ್ನು ಮುಟ್ಟಲಾಗದೆ ಬೆಳಗ್ಗೆ ಬರೀ ದೋಷದ ಪುಟ ತೋರಿಸಿತು. ಕ್ರಾನನ್ನು ವೆಬ್ ಸರ್ವರ್‌ನ ಬಳಕೆದಾರನ ಹೆಸರಿಗೆ ಬದಲಾಯಿಸಿ, ಆ ಫೈಲುಗಳನ್ನು ಅಳಿಸಿದ ಮೇಲೆ ಇವತ್ತಿನವರೆಗೆ ನಿಂತಿಲ್ಲ.

ಮೂರನೆಯ ವಾರ ಕಂಡಿದ್ದು ಮಾತ್ರ ನನ್ನ ನಿದ್ದೆ ಕೆಡಿಸಿತು. ಪುಟಗಳ ವರದಿ ನೋಡುತ್ತಾ ಕೆಳಗೆ ಹೋದೆ. ಒಂದು ಸಾಲಿನ ಕೊನೆಯಲ್ಲಿ ಹತ್ತು ಅಂಕಿ. ಮೊಬೈಲ್ ನಂಬರ್. ಕೆಳಗೆ ಇನ್ನೊಂದು. ಮತ್ತೊಂದು. ‘ನಮಗೆ ಕರೆ ಮಾಡಿ’ ಅಂತ ನಾವೇ ಮಾಡಿದ್ದ ಒಂದು ಸಣ್ಣ ಫಾರಂ ಇತ್ತು. ಅದರಲ್ಲಿ ತುಂಬಿದ್ದು ಮುಂದಿನ ಪುಟದ ವಿಳಾಸದಲ್ಲೇ ಸೇರಿ ಹೋಗುತ್ತಿತ್ತು. ಅನಾಲಿಟಿಕ್ಸ್ ಟೂಲ್ ಪ್ರತಿ ಪುಟದ ವಿಳಾಸವನ್ನೂ ಪೂರ್ತಿ ಬರೆದಿಟ್ಟುಕೊಳ್ಳುತ್ತದೆ. ಅಂದರೆ ಹಳೆಯ ಟೂಲ್ ಇದ್ದಾಗಲೂ ಈ ನಂಬರ್‌ಗಳು ಹೋಗಿವೆ. ನಮ್ಮನ್ನು ನಂಬಿ ನಂಬರ್ ಕೊಟ್ಟವರು ಇವರು. ಅವತ್ತು ರಾತ್ರಿಯೇ ಫಾರಂ ಸರಿ ಮಾಡಿದೆ. ಧನ್ಯವಾದ ಪುಟದ ವಿಳಾಸದಲ್ಲೂ ಒಂದು ಗುಟ್ಟಿನ ಕೀ ಇರುತ್ತದೆ, ಆ ಆರ್ಡರ್ ಪುಟಕ್ಕೆ ಅದು ಬೀಗದ ಕೈ ಇದ್ದ ಹಾಗೆ. ಅದನ್ನೂ ಮಟೋಮೊ ಬರೆದಿಟ್ಟುಕೊಳ್ಳದ ಹಾಗೆ ಹೊರಗಿಟ್ಟೆ. ಆಗಲೇ ಸೇರಿದ್ದನ್ನು ಅಳಿಸಿದೆವು. ಟೂಲ್ ಯಾವುದೇ ಇರಲಿ, ಪುಟಗಳ ಪಟ್ಟಿಯಲ್ಲಿ ಒಂದು ಸಲ @ ಚಿಹ್ನೆ, ಇನ್ನೊಂದು ಸಲ ಹತ್ತಂಕಿ ಹುಡುಕಿ ನೋಡಿ. ಐದು ನಿಮಿಷದ ಕೆಲಸ.

ಅದೇ ಬಿಸಿಯಲ್ಲಿ, ಕುಕೀ (ಗಿರಾಕಿಯ ಬ್ರೌಸರ್‌ನಲ್ಲಿ ಸೈಟ್ ಇಡುವ ಸಣ್ಣ ಗುರುತು) ಇಡಲು ಒಪ್ಪಿಗೆ ಕೇಳುವ ಸೂಚನೆಯನ್ನೂ ಸರಿಮಾಡಿದೆ. ಸೈಟಿನಲ್ಲಿ ಎಲ್ಲಿಂದಲೋ ತಂದು ಹಾಕಿದ ಇಂಗ್ಲಿಷ್ ಸೂಚನೆ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ 8ನೇ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಕೊಡಬೇಕು ಅನ್ನುತ್ತದೆ. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ನಮ್ಮ ಗಿರಾಕಿಗಳು ಕನ್ನಡದವರೇ ಜಾಸ್ತಿ. ಹಾಗಾಗಿ ಕನ್ನಡದಲ್ಲೇ ನೇರವಾಗಿ ಬರೆದೆ: “ನೀವು ನಮ್ಮ ಅಂಗಡಿಗೆ ಎಲ್ಲಿಂದ ಬಂದಿರಿ, ಏನು ನೋಡಿದಿರಿ ಅನ್ನುವುದನ್ನು ತಿಳಿಯಲು ಒಂದು ಕುಕೀ ಇಡುತ್ತೇವೆ. ಬೇರೆ ಯಾರಿಗೂ ಕೊಡುವುದಿಲ್ಲ.” ಕೆಳಗೆ ಎರಡು ಗುಂಡಿ. ‘ಆಗಲಿ’, ‘ಬೇಡ’. ಎರಡೂ ಒಂದೇ ಗಾತ್ರ, ಒಂದೇ ಬಣ್ಣ. ‘ಬೇಡ’ ಒತ್ತಿದವರಿಗೆ ಕುಕೀ ಇಡುವುದಿಲ್ಲ. ಅವರ ಭೇಟಿ ಎಣಿಕೆಗೆ ಬಂದರೂ ಆರ್ಡರಿಗೂ ಅದಕ್ಕೂ ಗಂಟು ಬೀಳುವುದಿಲ್ಲ. ಅವರ ಆರ್ಡರ್ ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗುವುದಿಲ್ಲ. ಅದು ಅವರ ಹಕ್ಕು, ನನಗೆ ಅದರಲ್ಲಿ ನಷ್ಟ ಕಾಣುವುದಿಲ್ಲ.

ಮತ್ತೆ ಅತ್ತೆಯ ಪ್ರಶ್ನೆಗೆ ಬರುತ್ತೇನೆ. ಎಲ್ಲಿಂದ ಬಂದರು ಅಂತ ತಿಳಿಯಬೇಕಾದರೆ ಲಿಂಕುಗಳಿಗೆ ಗುರುತು ಹಾಕಬೇಕು. ವಾಟ್ಸಾಪ್‌ನಲ್ಲಿ ಲಿಂಕ್ ಒತ್ತಿ ಬಂದವರನ್ನು ಟೂಲುಗಳು ಸಾಮಾನ್ಯವಾಗಿ ಗುರುತಿಸಲಾರವು, ಅವರಲ್ಲಿ ಹೆಚ್ಚಿನವರು ‘ನೇರ ಭೇಟಿ’ ಅನ್ನುವ ಬುಟ್ಟಿಗೆ ಬೀಳುತ್ತಾರೆ. ಹಾಗಾಗಿ ಲಿಂಕಿನ ಕೊನೆಗೆ, ಎಲ್ಲಿ ಹಾಕಿದ ಲಿಂಕ್ ಅಂತ ಹೇಳುವ ಯುಟಿಎಂ ಅನ್ನುವ ಬಾಲ ಸೇರಿಸಿದೆ. ಜಾಹೀರಾತಿಗೆ ಒಂದು, ವಾಟ್ಸಾಪ್ ಸ್ಟೇಟಸ್‌ಗೆ ಒಂದು, ಗಿರಾಕಿಗಳಿಗೆ ಕಳಿಸುವ ಸಂದೇಶಕ್ಕೆ ಒಂದು. ಪಾರ್ಸೆಲ್ ಒಳಗೆ ನಾವು ಒಂದು ಚೀಟಿ ಇಡುತ್ತೇವೆ, ಪುಡಿಯನ್ನು ಎಷ್ಟು ಹಾಕಬೇಕು, ಹೇಗೆ ಇಡಬೇಕು ಅಂತ. ಅದರ ಮೂಲೆಯಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದೆವು. ಅದಕ್ಕೂ ಒಂದು ಬಾಲ. ಬಾಲದ ಹೆಸರುಗಳನ್ನು ಒಂದೇ ರೀತಿ ಬರೆಯಬೇಕು, ಒಂದು ಅಕ್ಷರ ಬೇರೆಯಾದರೂ ಬೇರೆ ಸಾಲಾಗಿ ಕೂರುತ್ತದೆ. ಅದಕ್ಕೂ ಪುಸ್ತಕದ ಕೊನೆಯ ಹಾಳೆಯಲ್ಲಿ ಜಾಗ ಸಿಕ್ಕಿತು.

ಶ್ರಾವಣದ ಮೊದಲ ವಾರ ಎರಡು ಸಾವಿರ ರೂಪಾಯಿಯ ಜಾಹೀರಾತು ಹಾಕಿ ನೋಡಿದೆವು. ಭಾನುವಾರ ಮತ್ತೆ ಇಬ್ಬರೂ ಕೂತೆವು. ಪುಸ್ತಕದಲ್ಲಿ 61, ಮಟೋಮೊದಲ್ಲಿ 61. ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಎಣಿಸಿದರು. ಅವುಗಳಲ್ಲಿ 47 ಎಲ್ಲಿಂದ ಬಂದವು ಅಂತ ಗೊತ್ತಾಯಿತು. ಜಾಹೀರಾತಿನಿಂದ ನಾಲ್ಕು. ವಾಟ್ಸಾಪ್‌ನಿಂದ ಹತ್ತೊಂಬತ್ತು. ಪಾರ್ಸೆಲ್ಲಿನ ಚೀಟಿಯಿಂದ ಹದಿನೊಂದು! ಅತ್ತೆಗೆ ಆ ಚೀಟಿ ಅಂದರೆ ಬಹಳ ಇಷ್ಟ, ಅದರ ಮಾತುಗಳೆಲ್ಲ ಅವರವೇ. ಜಾಹೀರಾತು ನಿಲ್ಲಿಸಿದೆವು. ಆ ದುಡ್ಡಿನಲ್ಲಿ ಚೀಟಿಯನ್ನು ದಪ್ಪ ಕಾಗದದಲ್ಲಿ ಮತ್ತೆ ಅಚ್ಚು ಹಾಕಿಸಿದೆವು.

ಊರಿನ ವರದಿಯನ್ನು ಮಾತ್ರ ನಾನು ನಂಬುವುದಿಲ್ಲ. ಮಟೋಮೊ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ನಂಬರ್) ನೋಡಿ ಊರು ಊಹಿಸುತ್ತದೆ. ಮೊಬೈಲ್ ಕಂಪನಿಗಳು ದೂರದ ಊರಿನ ಫೋನುಗಳನ್ನೂ ದೊಡ್ಡ ನಗರದ ಕೇಂದ್ರದ ಮೂಲಕ ಹಾಯಿಸುವುದರಿಂದ ಊಹೆ ತಪ್ಪುತ್ತದೆ. ವರದಿಯ ಪ್ರಕಾರ ನಮ್ಮ ಗಿರಾಕಿಗಳೆಲ್ಲ ಹೆಚ್ಚೂಕಡಿಮೆ ಬೆಂಗಳೂರಿನವರೇ. ಅತ್ತೆಯ ಪುಸ್ತಕದ ಪಿನ್‌ಕೋಡ್ ಸಾಲು ಬೇರೆ ಹೇಳುತ್ತಿತ್ತು. 560 ಬಹಳ ಇತ್ತು ನಿಜ. ಆದರೆ 580, 585 ಕೂಡ ಸಾಕಷ್ಟು ಇದ್ದವು. ಹುಬ್ಬಳ್ಳಿ, ಧಾರವಾಡ, ಕಲಬುರಗಿ ಕಡೆಯವು.

ಆ ಕಡೆಯ ಗಿರಾಕಿಗಳ ವಿಷಯ ಇನ್ನೊಂದು ವರದಿಯಲ್ಲಿ ಬಿಚ್ಚಿಕೊಂಡಿತು. ನಮ್ಮ ಸೈಟಿನ ಹುಡುಕುವ ಪೆಟ್ಟಿಗೆಯಲ್ಲಿ ಜನ ಏನು ಟೈಪ್ ಮಾಡುತ್ತಾರೆ ಅನ್ನುವುದನ್ನೂ ಮಟೋಮೊ ಕೂಡಿಡುತ್ತದೆ. ವೂಕಾಮರ್ಸ್ ಸೈಟಿಗೆ ಬೇರೆ ಏನೂ ಸೆಟ್ ಮಾಡಬೇಕಾಗಿಲ್ಲ, ತಾನೇ ಹಿಡಿಯುತ್ತದೆ. ನಾನು ಅದನ್ನು ತೆರೆದಿದ್ದೇ ಎರಡು ತಿಂಗಳ ಮೇಲೆ. ತೆರೆದರೆ, ಅರ್ಧದಷ್ಟು ಜನ ಕನ್ನಡ ಲಿಪಿಯಲ್ಲೇ ಹುಡುಕಿದ್ದರು. ನಮ್ಮ ಪುಡಿಗಳ ಹೆಸರು ಸೈಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಇತ್ತು. ‘ಸಾರಿನ ಪುಡಿ’ ಅಂತ ಬರೆದವರಿಗೆ ‘ಏನೂ ಸಿಗಲಿಲ್ಲ’ ಅಂತ ತೋರಿಸಿ ಕಳಿಸುತ್ತಿದ್ದೆವು. ಮೂರು ವರ್ಷದಿಂದ.

ಪಟ್ಟಿಯ ಮೂರನೆಯ ಸಾಲಿನಲ್ಲಿ ‘ಗುರೆಳ್ಳು’ ಅಂತ ಇತ್ತು. ‘ಗುರೆಳ್ಳು ಹಿಂಡಿ’, ‘ಗುರೆಳ್ಳು ಚಟ್ನಿ’ ಅಂತಲೂ ಇತ್ತು. ಅತ್ತೆಗೆ ಓದಿ ಹೇಳಿದೆ. ಅವರು ಒಲೆ ಸಣ್ಣ ಮಾಡಿ ಹೊರಗೆ ಬಂದರು.

“ಗುರೆಳ್ಳು ಅಂದ್ರೆ ನಮ್ಮ ಹುಚ್ಚೆಳ್ಳೇ ಕಣೇ. ಆ ಕಡೆಯವರು ಹಾಗಂತಾರೆ” ಅಂದರು.

ಹುಚ್ಚೆಳ್ಳಿನ ಚಟ್ನಿಪುಡಿ ನಮ್ಮಲ್ಲಿದೆ. ಮೊದಲ ದಿನದಿಂದಲೂ ಇದೆ. ಅದು ಜಾಸ್ತಿ ಹೋಗುವುದಿಲ್ಲ ಅಂತ ತಿಂಗಳಿಗೆ ಒಂದೇ ಸಲ ಮಾಡುತ್ತಿದ್ದೆವು. ಅದನ್ನೇ ಹುಡುಕಿಕೊಂಡು ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು.

ಅವತ್ತು ಮಧ್ಯಾಹ್ನ ಕೂತು ಎಲ್ಲ ಪುಡಿಗಳಿಗೂ ಕನ್ನಡದಲ್ಲಿ ಹೆಸರು ಬರೆದೆ. ಹುಚ್ಚೆಳ್ಳಿನ ಪುಟದಲ್ಲಿ ‘ಗುರೆಳ್ಳು’ ಸೇರಿಸಿದೆ. ಕಡಲೆಕಾಯಿ ಚಟ್ನಿಪುಡಿಗೆ ‘ಶೇಂಗಾ’ ಸೇರಿಸಿದೆ. ಅತ್ತೆ ಪಕ್ಕದಲ್ಲಿ ಕೂತು ಯಾವ ಊರಲ್ಲಿ ಏನಂತಾರೆ ಅಂತ ನೆನಪಿಸಿಕೊಂಡು ಹೇಳುತ್ತಿದ್ದರು. ಗೊತ್ತಿಲ್ಲದ್ದಕ್ಕೆ ಧಾರವಾಡದಲ್ಲಿರುವ ತಮ್ಮ ಗೆಳತಿಗೆ ಫೋನ್ ಮಾಡಿದರು. ಸಂಜೆ ಗಾಂಧಿ ಬಜಾರ್‌ಗೆ ಹೋಗಿ ಎರಡು ಕೆಜಿ ಹುಚ್ಚೆಳ್ಳು ತಂದೆವು.

ನಾಲ್ಕನೆಯ ದಿನ ರಾತ್ರಿ ಆರ್ಡರ್ ಬಂತು. ಗುರೆಳ್ಳು ಚಟ್ನಿಪುಡಿ, ಕಾಲು ಕೆಜಿಯ ಮೂರು ಪ್ಯಾಕೆಟ್. ಮಟೋಮೊದ ಪ್ರಕಾರ ಊರು ಬೆಂಗಳೂರು. ಅತ್ತೆ ಪುಸ್ತಕ ತೆಗೆದು, ತಾರೀಖು ಹಾಕಿ, ಪಿನ್‌ಕೋಡ್ 585ರಿಂದ ಶುರುವಾಗುವುದನ್ನು ಬರೆದುಕೊಂಡರು. ಏನೇನು ಅನ್ನುವ ಸಾಲಿನಲ್ಲಿ ‘ಹುಚ್ಚೆಳ್ಳು’ ಅಂತ ಬರೆದು, ಅದನ್ನು ಹೊಡೆದು, ‘ಗುರೆಳ್ಳು’ ಅಂತ ಬರೆದರು.